ಕ್ಯಾಂಪರ್ ಹಿಂದಿನ ಅಗ್ಗದ ಟ್ರೈಲರ್: ಐದು ಮಳೆಗಾಲ ಎಳೆದ ಮೇಲೆ

ಟ್ರೈಲರ್ ತಗೊಳ್ಳಬೇಕು ಅನ್ನಿಸಿದ್ದು ಒಂದು ಮದುವೆ ಮನೆಯ ಅಂಗಳದಲ್ಲಿ. ಹಿಂದಿನ ದಿನ ಕೊಟ್ಟಿಗೆ ಗೊಬ್ಬರ ಸಾಗಿಸಿದ್ದ ಬೊಲೆರೊ ಕ್ಯಾಂಪರ್ ಪಿಕಪ್ಪನ್ನು ಪೈಪು ಹಿಡಿದು ಎರಡು ಸಲ ತೊಳೆದಿದ್ದೆ. ಆದರೂ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ ಹಾಗೆ ಚಪ್ಪರದಡಿ ಕೂತಿದ್ದವರ ಮೂಗೆಲ್ಲ ನಮ್ಮ ಕಡೆ ತಿರುಗಿತು. ವಾಪಸ್ ಬರುವಾಗ ಮನೆಯವಳು ಹೇಳಿದ್ದು ಒಂದೇ ಮಾತು: "ಮುಂದಿನ ಸಲ ನಾನು ಬಸ್ಸಿಗೆ ಬರ್ತೀನಿ."

ನಮ್ಮ ತೋಟ ತೀರ್ಥಹಳ್ಳಿ ತಾಲೂಕಿನಲ್ಲಿ, ಮಾಲತಿ ಹೊಳೆಯ ಆಚೆ ಬದಿ. ನಾಲ್ಕು ಎಕರೆ ಅಡಿಕೆ, ಸ್ವಲ್ಪ ಗದ್ದೆ. ಕ್ಯಾಂಪರಿಗೆ ಎರಡು ಸಾಲು ಸೀಟು ಇರುವುದರಿಂದ ಹಿಂದೆ ಸಾಮಾನು ಹಾಕುವ ಜಾಗ ಗಿಡ್ಡ. ಸೊಪ್ಪು, ಗೊಬ್ಬರ, ಕೊಯ್ಲಿನಲ್ಲಿ ಗೊನೆ, ಮಳೆಗಾಲದಲ್ಲಿ ಔಷಧಿ ಬ್ಯಾರೆಲ್ಲು, ಎಲ್ಲಕ್ಕೂ ನಾಲ್ಕು ಟ್ರಿಪ್ ಹೊಡೆಯಬೇಕು. ಪ್ರತಿ ಸಲ ಬಾಡಿಗೆಗೆ ಟಾಟಾ ಏಸ್ ಕರೆದರೆ ಅದು ನಮ್ಮ ತೋಟದ ಇಳಿಜಾರಿಗೆ ಇಳಿಯುವುದಿಲ್ಲ, ಮೇಲೆ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ.

ಮೊದಲು ನೋಡಿದ್ದು ಹಳೇ ಟಿಲ್ಲರ್ (ಗದ್ದೆ ಉಳುವ ಸಣ್ಣ ಯಂತ್ರ) ಟ್ರೈಲರ್. ನಮ್ಮ ಕಡೆ ಹತ್ತು ಮನೆ ಸುತ್ತಿದರೆ ನಾಲ್ಕು ಹಿತ್ತಿಲಲ್ಲಿ ಒಂದೊಂದು ತುಕ್ಕು ಹಿಡಿದು ಕೂತಿರುತ್ತದೆ, ಕೇಳಿದ ಬೆಲೆಗೆ ಕೊಡುತ್ತಾರೆ. ಮೂತಿ (ಎಳೆಯುವ ಗಾಡಿಗೆ ಸಿಗಿಸುವ ಮುಂದಿನ ಕಂಬಿ) ಕತ್ತರಿಸಿ ಹುಕ್ ವೆಲ್ಡ್ ಮಾಡಿಸಿದರೆ ಮುಗೀತು ಅಂದವರು ಬಹಳ ಜನ. ಆದರೆ ಟಿಲ್ಲರ್ ಟ್ರೈಲರಿನ ಬ್ರೇಕ್ ಇರುವುದು ಮೂತಿಯ ಮೇಲಿನ ಸೀಟಿನಲ್ಲಿ ಕೂತು ಓಡಿಸುವವನ ಕಾಲಡಿ. ಸೀಟು ಹೋದರೆ ಬ್ರೇಕೂ ಹೋಯಿತು. ಹಬ್ಬು (ಬೇರಿಂಗ್ ಕೂರುವ ಚಕ್ರದ ನಡುಭಾಗ), ಬೇರಿಂಗು, ಟೈರು ಎಲ್ಲವೂ ಟಿಲ್ಲರಿನ ಆಮೆ ವೇಗಕ್ಕೆ ಮಾಡಿದ್ದು. ತೋಟದೊಳಗೇ ಎಳೆಯುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ. ಡಾಂಬರು ರಸ್ತೆಯಲ್ಲಿ ನಲವತ್ತರ ಮೇಲೆ ಹೋಗುವ ಗಾಡಿಯ ಹಿಂದೆ ಅದು ಬೇಡ. ಟ್ರ್ಯಾಕ್ಟರ್ ಟ್ರೈಲರಿನ ಮಾತು ಎತ್ತುವುದೇ ಬೇಡ. ಖಾಲಿ ಇದ್ದಾಗಲೇ ಇಳಿಜಾರಿನಲ್ಲಿ ಕ್ಯಾಂಪರನ್ನು ತಳ್ಳಿಕೊಂಡು ಹೋಗುತ್ತದೆ.

ಕೊನೆಗೆ 2020ರ ನವೆಂಬರಿನಲ್ಲಿ ಶಿವಮೊಗ್ಗದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಹೊಸದು ಮಾಡಿಸಿದೆ. ಏಳಡಿ ಉದ್ದ, ನಾಲ್ಕಡಿ ಅಗಲದ ಡಬ್ಬಿ, ಒಂದು ಆಕ್ಸಲ್ (ಚಕ್ರ ಕೂರುವ ಅಡ್ಡ ಅಚ್ಚು), ಎರಡು ಬದಿ ಪಾಟಾ (ಕಬ್ಬಿಣದ ಪಟ್ಟಿಯ) ಸ್ಪ್ರಿಂಗು, ಹಿಂದೆ ಬಿಚ್ಚುವ ಬಾಗಿಲು, ಬ್ರೇಕ್ ಇಲ್ಲ. ಕಾಗದಪತ್ರ ಸೇರಿ 68,000 ರೂಪಾಯಿ. ಕಾಗದ ಬೇಡ ಅಂದರೆ 59,000ಕ್ಕೆ ಕೊಡುತ್ತೇನೆ ಅಂದಿದ್ದರು. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೈಲರ್ ಕೂಡ ಒಂದು ಮೋಟಾರು ವಾಹನವೇ, ಅದಕ್ಕೂ ನಂಬರ್ ಬೇಕು. ಆ ಒಂಬತ್ತು ಸಾವಿರ ಉಳಿಸಲು ಹೋಗಬೇಡಿ. ಮನೆಗೆ ತರುವ ಮೊದಲೇ ವಿಮೆಯಲ್ಲೂ ಸೇರಿಸಿ.

ಆರ್ಡರ್ ಕೊಡುವಾಗ ಅಪ್ಪಯ್ಯ ಒಂದು ವಿಷಯಕ್ಕೆ ಹಟ ಹಿಡಿದಿದ್ದರು: ಕ್ಯಾಂಪರಿನ ಚಕ್ರವೇ ಟ್ರೈಲರಿಗೂ ಕೂರಬೇಕು, ಅದೇ ರಿಮ್ಮು, ಅದೇ ನಟ್ಟು. ಶೆಡ್ಡಿನವರಿಗೆ ಇದು ಕಿರಿಕಿರಿ. "ಸಣ್ಣ ಚಕ್ರ ಹಾಕಿದ್ರೆ ಚೆಂದ ಕಾಣತ್ತೆ ಗೌಡ್ರೇ, ರೇಟೂ ಕಮ್ಮಿ" ಅಂದರು. ಅಪ್ಪಯ್ಯ ಜಗ್ಗಲಿಲ್ಲ. ಈ ಐದು ವರ್ಷದಲ್ಲಿ ಟ್ರೈಲರಿನ ಟೈರು ಮೂರು ಸಲ ಪಂಕ್ಚರ್ ಆಗಿದೆ. ಮೂರು ಸಲವೂ ಕ್ಯಾಂಪರಿನ ಸ್ಟೆಪ್ನಿಯೇ ಕಾಪಾಡಿದ್ದು. ಉಳಿದ ವಿಷಯಗಳಲ್ಲಿ ತಲೆ ಓಡಿಸಬೇಕಾಗಿದ್ದವನು ನಾನು. ನಾನು ನೋಡಿದ್ದು ಡಬ್ಬಿಯ ಬಣ್ಣ, ಬಾಗಿಲಿನ ಚಿಲಕ, ತಗಡು ಎಷ್ಟು ದಪ್ಪ ಅನ್ನುವುದು ಮಾತ್ರ. ಆಮೇಲೆ ಕೈ ಸುಟ್ಟಿದ್ದೆಲ್ಲ ಡಬ್ಬಿಯ ಕೆಳಗೆ ಇರುವ ಸಾಮಾನಿನಲ್ಲಿ.

ಮೊದಲನೆಯದು ಜೋಡಣೆ. ಅವರು ಕೊಟ್ಟದ್ದು ಟ್ರ್ಯಾಕ್ಟರಿನ ಥರದ ಪಿನ್ನು. ತೂತು ದೊಡ್ಡದು, ಪಿನ್ನು ಸಣ್ಣದು. ಗೇರ್ ಬದಲಾಯಿಸಿದಾಗಲೆಲ್ಲ ಬೆನ್ನಿಗೆ ಗುದ್ದಿದ ಹಾಗೆ ಕಟಕ್ ಅನ್ನುತ್ತಿತ್ತು. ಮೂರೇ ತಿಂಗಳಲ್ಲಿ ಆ ತೂತು ಮೊಟ್ಟೆ ಆಕಾರಕ್ಕೆ ಬಂತು. ಅದನ್ನು ಕತ್ತರಿಸಿ 50 ಮಿ.ಮೀ. ಬಾಲ್ ಹಿಚ್, ಅಂದರೆ ಗಾಡಿಯ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಮೂತಿ ಕೂರುವ ಕೊಂಡಿ, ಹಾಕಿಸಿದೆ. ಖರ್ಚು ಐದು ಸಾವಿರದೊಳಗೆ. ಹಿಂದೆ ಟ್ರೈಲರ್ ಇದೆ ಅನ್ನುವುದೇ ಮರೆತುಹೋಗುವಷ್ಟು ಸದ್ದು ಕಮ್ಮಿಯಾಯಿತು. ಮರೆಯುವುದೂ ಒಳ್ಳೆಯದಲ್ಲ, ಅದು ಬೇರೆ ಮಾತು. ಜೊತೆಗೆ ಎರಡು ಸರಪಳಿ, ಮೂತಿಯ ಅಡಿಯಲ್ಲಿ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿದ್ದು. ಹಿಚ್ ಕಳಚಿದರೆ ಮೂತಿ ನೆಲಕ್ಕೆ ಚುಚ್ಚಿಕೊಳ್ಳದೆ ಆ ಸರಪಳಿಯ ತೊಟ್ಟಿಲ ಮೇಲೆ ಬೀಳಲಿ ಅಂತ.

ಎರಡನೆಯದನ್ನು ಹೇಳುವಾಗ ಈಗಲೂ ಅಂಗೈ ಬೆವರುತ್ತದೆ. 2021ರ ಫೆಬ್ರವರಿ, ಶಿವಮೊಗ್ಗದಿಂದ ಹತ್ತು ಚೀಲ ಸಿಮೆಂಟು ತರುತ್ತಿದ್ದೆ. ಹತ್ತು ಚೀಲ ಅಂದರೆ 500 ಕೆ.ಜಿ. ಹಮಾಲರು ಹಿಂದಿನ ಬಾಗಿಲಿನ ಹತ್ತಿರವೇ ಪೇರಿಸಿದ್ದರು, ಅವರಿಗೆ ಅದೇ ಸುಲಭ. ನಾನು ಚಹಾ ಕುಡಿಯುತ್ತಿದ್ದೆ. ಗಾಜನೂರು, ಸಕ್ರೆಬೈಲು ದಾಟುವವರೆಗೆ ಏನೂ ಗೊತ್ತಾಗಲಿಲ್ಲ. ಮುಂದೆ ಒಂದು ಸಣ್ಣ ಇಳಿಜಾರಿನಲ್ಲಿ ಸ್ಪೀಡು ಐವತ್ತೈದಕ್ಕೆ ಬಂದಾಗ ಸ್ಟೇರಿಂಗ್ ಹಗುರಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೈಲರ್ ನಾಯಿ ಬಾಲದ ಹಾಗೆ ಎಡಕ್ಕೆ ಬಲಕ್ಕೆ ಆಡುತ್ತಿದೆ, ಪ್ರತಿ ಸಲ ಸ್ವಲ್ಪ ಜಾಸ್ತಿ. ಬ್ರೇಕ್ ಮುಟ್ಟಿದೆ, ಇನ್ನೂ ಜೋರಾಯಿತು. ಬ್ರೇಕ್ ಬಿಟ್ಟು, ಆಕ್ಸಿಲರೇಟರಿನಿಂದಲೂ ಕಾಲು ತೆಗೆದು ಸ್ಟೇರಿಂಗನ್ನು ನೆಟ್ಟಗೆ ಹಿಡಿದೆ. ಅದು ಬುದ್ಧಿಯಿಂದ ಮಾಡಿದ್ದಲ್ಲ, ಹೆದರಿ ಕೈಕಾಲು ಮರಗಟ್ಟಿದ್ದು. ಎದುರಿಗೆ ಬಸ್ಸು ಇರಲಿಲ್ಲ. ಸ್ಪೀಡು ಇಳಿದಂತೆ ಬಾಲವೂ ನಿಂತಿತು. ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಿ ಆರು ಚೀಲವನ್ನು ನಾನೇ ಹೊತ್ತು ಮುಂದಕ್ಕೆ ಹಾಕಿದೆ.

ಮನೆಗೆ ಬಂದ ಮೇಲೆ ಇದರ ಗುಟ್ಟು ಹುಡುಕಿದೆ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂತಿಯ ಮೇಲೆ ಬೀಳಬೇಕು, ಅಂದರೆ ಭಾರ ಆಕ್ಸಲಿಗಿಂತ ಮುಂದೆ ಜಾಸ್ತಿ ಇರಬೇಕು. ಅಳೆಯುವುದು ಹೇಗೆ? ಅಡಿಕೆ ತೂಗುವ ಪ್ಲಾಟ್‌ಫಾರಂ ತಕ್ಕಡಿ ಮನೆಯಲ್ಲೇ ಇತ್ತು. ಅದರ ಮೇಲೆ ಒಂದು ಮರದ ಕೊರಡು ನಿಲ್ಲಿಸಿ, ಕೊರಡಿನ ಮೇಲೆ ಟ್ರೈಲರಿನ ಮೂತಿ ಕೂರಿಸಿದೆ. ಹಮಾಲರು ಪೇರಿಸಿದ ಹಾಗೆಯೇ ಚೀಲ ಇಟ್ಟಾಗ ತಕ್ಕಡಿ ತೋರಿಸಿದ್ದು 12 ಕೆ.ಜಿ. ಖಾಲಿ ಟ್ರೈಲರ್ 240, ಸಿಮೆಂಟು 500, ಒಟ್ಟು 740ಕ್ಕೆ ಬರೀ 12! ಚೀಲಗಳನ್ನು ಒಂದೊಂದಾಗಿ ಮುಂದೆ ಸರಿಸುತ್ತಾ ಹೋದೆ, 80ಕ್ಕೆ ಬಂದಾಗ ನಿಲ್ಲಿಸಿದೆ. ಆ ಜಾಗಕ್ಕೆ ಡಬ್ಬಿಯ ಬದಿಯಲ್ಲಿ ಬಿಳಿ ಪೇಂಟಿನಲ್ಲಿ ಗೆರೆ ಎಳೆದಿದ್ದೇನೆ. ಈಗ ಕೆಲಸಕ್ಕೆ ಬರುವವರಿಗೆಲ್ಲ ಗೊತ್ತು, ಭಾರದ್ದು ಗೆರೆಯಿಂದ ಮುಂದೆ, ಸೊಪ್ಪು ಸೋಗೆ ಹಿಂದೆ.

ಮಾರುವಾಗ "ಒಂದು ಟನ್ ಹಾಕಿ ಗೌಡ್ರೇ, ಏನೂ ಆಗಲ್ಲ" ಅಂದಿದ್ದರು. ಪಾಟಾ ತಡೆಯಬಹುದು. ನಿಲ್ಲಿಸುವುದು ಯಾರು? ಬ್ರೇಕಿಲ್ಲದ ಟ್ರೈಲರಿಗೆ ಯುರೋಪಿನಲ್ಲಿ ಇಟ್ಟಿರುವ ಮಿತಿ ಟ್ರೈಲರ್ ಸೇರಿ 750 ಕೆ.ಜಿ. ನಾನೂ ಅದನ್ನೇ ಹಿಡಿದುಕೊಂಡಿದ್ದೇನೆ. ಔಷಧಿ ಹೊಡೆಯುವ ಕಾಲಕ್ಕೆ 200 ಲೀಟರಿನ ಬ್ಯಾರೆಲ್ ಎರಡು ಇಟ್ಟರೆ 400 ಕೆ.ಜಿ. ಆಯಿತು. ಬ್ಯಾರೆಲ್ ತುಂಬಿದ್ದರೆ ತೊಂದರೆ ಇಲ್ಲ, ಅರ್ಧ ಇದ್ದರೆ ನೀರು ಕುಲುಕಿ ತಿರುವಿನಲ್ಲಿ ಎಳೆಯುತ್ತದೆ. ಹಾಗಾಗಿ ಒಂದೋ ತುಂಬಿ, ಇಲ್ಲವೋ ಖಾಲಿ ಮಾಡಿ.

ರಿವರ್ಸಿನ ಕಷ್ಟವನ್ನು ಎಲ್ಲರೂ ಹೇಳುತ್ತಾರೆ, ಅದರ ಅರ್ಧ ತಪ್ಪು ಮೂತಿಯ ಉದ್ದದ್ದು ಅಂತ ಯಾರೂ ಹೇಳಲಿಲ್ಲ. ನನ್ನದು ಮೂರಡಿ ಮೂತಿ. ಗಿಡ್ಡ ಮೂತಿಯ ಟ್ರೈಲರ್ ಸ್ಟೇರಿಂಗ್ ಮುಟ್ಟಿದ ಕೂಡಲೇ ಮಡಚಿಕೊಳ್ಳುತ್ತದೆ. ಸರಿಪಡಿಸಲು ಪುರಸೊತ್ತೇ ಸಿಗುವುದಿಲ್ಲ. ಎರಡು ಸಲ ಬಂಪರಿನ ಮೂಲೆ ಜಜ್ಜಿಕೊಂಡ ಮೇಲೆ ಬಾಕ್ಸ್ ಪೈಪ್ ಹಾಕಿಸಿ ನಾಲ್ಕೂವರೆ ಅಡಿ ಮಾಡಿಸಿದೆ. ಈಗ ನಿಧಾನಕ್ಕೆ ತಿರುಗುತ್ತದೆ, ನನಗೂ ಯೋಚಿಸಲು ಸಮಯ ಸಿಗುತ್ತದೆ. ಉದ್ದ ಮಾಡಿದ್ದಕ್ಕೆ ತೆತ್ತ ದಂಡವೂ ಉಂಟು: ತಿರುವಿನಲ್ಲಿ ಒಳಬದಿಯ ಚಕ್ರ ಮೊದಲಿಗಿಂತ ಜಾಸ್ತಿ ಒಳಗೆ ಕಡಿಯುತ್ತದೆ. ನಮ್ಮ ದಣಪೆಯ (ಬೇಲಿ ಬಾಗಿಲಿನ) ಎಡಗಂಬ ಆ ವರ್ಷವೇ ಮುರಿಯಿತು. ಹೊಸ ಕಂಬವನ್ನು ಎರಡಡಿ ಆಚೆ ನೆಟ್ಟೆವು.

ಇನ್ನು ಹಬ್ಬಿನ ಕಥೆ. ಮಲೆನಾಡಿನಲ್ಲಿ ಟ್ರೈಲರ್ ಇಟ್ಟುಕೊಳ್ಳುವವರು ಬೇರೆಲ್ಲ ಬಿಟ್ಟರೂ ಇದನ್ನು ಓದಿ. ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ಮಳೆಗಾಲದಲ್ಲಿ ಅರ್ಧ ಚಕ್ರ ಮುಳುಗುತ್ತದೆ. 2022ರ ಆಗಸ್ಟಿನಲ್ಲಿ ಬಲಗಡೆ ಚಕ್ರದಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ಜೀರುಂಡೆ ಅಂದುಕೊಂಡೆ, ಆ ತಿಂಗಳಲ್ಲಿ ನಮ್ಮಲ್ಲಿ ಅದು ತಪ್ಪು ಊಹೆಯಲ್ಲ. ನಾಲ್ಕು ದಿನ ಬಿಟ್ಟು ಚಕ್ರ ಜ್ಯಾಕಿನ ಮೇಲೆ ಎತ್ತಿ ಅಲ್ಲಾಡಿಸಿದರೆ ಮುದುಕನ ಬಾಯಿಯ ಹಲ್ಲಿನ ಹಾಗೆ ಆಡುತ್ತಿತ್ತು. ಮೆಕ್ಯಾನಿಕ್ ಹಬ್ಬಿನ ಟೋಪಿ ಕಿತ್ತ. ಒಳಗೆ ಕಂದು ಬಣ್ಣದ ಗ್ರೀಸ್ ಇರಬೇಕಾದ ಜಾಗದಲ್ಲಿ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ನೊರೆ. ಬೇರಿಂಗಿನ ರೋಲರುಗಳ ಮೇಲೆ ಸಾಸಿವೆ ಚುಚ್ಚಿದ ಹಾಗೆ ಗುಳಿ.

"ಎಂತ ಗೌಡ್ರೇ, ಹಬ್ಬಿಗೆ ಸ್ನಾನ ಮಾಡ್ಸಿದ್ರಾ?" ಅಂದ.

ಅವನೇ ಬಿಡಿಸಿ ಹೇಳಿದ್ದು: ದೂರದಿಂದ ಓಡಿ ಬಂದ ಹಬ್ಬು ಬಿಸಿಯಾಗಿರುತ್ತದೆ. ಒಳಗಿನ ಗಾಳಿಯೂ ಬಿಸಿ. ಆ ಬಿಸಿ ಹಬ್ಬನ್ನು ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಸೀಲು ಹಳತಾಗಿದ್ದರೆ ಕೇಳುವುದೇ ಬೇಡ. ಎರಡೂ ಬದಿಯ ಬೇರಿಂಗು, ಸೀಲು ಬದಲಾಯಿಸಲು 3,200 ಆಯಿತು. ಅವತ್ತಿನಿಂದ ಹಳ್ಳದ ದಂಡೆಯಲ್ಲಿ ಹತ್ತು ನಿಮಿಷ ನಿಂತು, ಹಬ್ಬಿಗೆ ಕೈ ಇಟ್ಟು ನೋಡಿ, ಆಮೇಲೆ ಇಳಿಸುತ್ತೇನೆ. ವರ್ಷಕ್ಕೆ ಎರಡು ಸಲ ಗ್ರೀಸ್ ತೊಳೆದು ತುಂಬಿಸುತ್ತೇನೆ, ಮೇ ಕೊನೆಗೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ. ಅದಾದ ಮೇಲೆ ಬೇರಿಂಗ್ ಬದಲಾಯಿಸಿಲ್ಲ.

ಡಬ್ಬಿಯ ತಳ ಎರಡನೇ ಮಳೆಗಾಲಕ್ಕೇ ತೂತಾಗಲು ಶುರು. ಗಂಜಲ ಬೆರೆತ ಗೊಬ್ಬರ ಒಂದು ಕಾರಣ. ಇನ್ನೊಂದು ಕಾರಣ ನನ್ನದೇ ಸೋಮಾರಿತನ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಮಾಡುವ ದಿನ ಮೈಲುತುತ್ತ (ತಾಮ್ರದ ನೀಲಿ ಉಪ್ಪು) ಕರಗಿಸಿದ ನೀರನ್ನು ಟ್ರೈಲರಿನಲ್ಲೇ ಚೆಲ್ಲಿಕೊಂಡು ಹಾಗೇ ಬಿಟ್ಟಿದ್ದೆ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡುವ ಬೋರ್ಡೋ ಔಷಧಿಯ ಹದ ನೋಡಲು ಕಬ್ಬಿಣದ ಚಾಕು ಅದ್ದುತ್ತೇವಲ್ಲ, ಸುಣ್ಣ ಕಮ್ಮಿ ಇದ್ದರೆ ಚಾಕು ಕೆಂಪಾಗುತ್ತದಲ್ಲ, ಅದೇ ಆಟ. ಮಾರನೇ ದಿನ ತಳದ ತಗಡಿನ ಮೇಲೆ ಹೊಸ ತಂಬಿಗೆಯ ಬಣ್ಣದ ಮಚ್ಚೆಗಳು. ನೋಡಲು ಚೆಂದ, ಆದರೆ ತಾಮ್ರ ಕೂತಷ್ಟೂ ಕಬ್ಬಿಣ ಕರಗಿರುತ್ತದೆ. ತಗಡು ಕಿತ್ತು, ಗಾಳಿಗೆ ಬಿದ್ದಿದ್ದ ನಮ್ಮದೇ ಹಲಸಿನ ಮರ ಕೊಯ್ಸಿ ಹಲಗೆ ಹಾಸಿದೆ. ಹಲಗೆ ಹಲಗೆಯ ನಡುವೆ ಕಿರುಬೆರಳಿನಷ್ಟು ಸಂದಿ, ನೀರು ಇಳಿದು ಹೋಗಲಿ ಅಂತ. ಮೂರು ವರ್ಷವಾಯಿತು, ಒಂದೇ ಒಂದು ಹಲಗೆ ಬದಲಾಯಿಸಿದ್ದು. ತಗಡಿನ ದಪ್ಪಕ್ಕೆ ಚೌಕಾಸಿ ಮಾಡಿದ ದಿನ ನೆನಪಾದರೆ ನಗು ಬರುತ್ತದೆ.

ಲೈಟಿನದ್ದು ಚಿಕ್ಕ ವಿಷಯ, ಬೇಗ ಹೇಳಿಬಿಡುತ್ತೇನೆ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕುತ್ತಿದ್ದರೆ ಬಲ್ಬು ಬದಲಾಯಿಸಬೇಡಿ, ಅರ್ತ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ) ನೋಡಿ. ನನಗೆ ಕೊಟ್ಟಿದ್ದರಲ್ಲಿ ಅರ್ತ್ ವಯರೇ ಇರಲಿಲ್ಲ, ಹಿಚ್ಚಿನ ಕಬ್ಬಿಣದ ಮೂಲಕವೇ ಹಾಯಿಸಿದ್ದರು. ಬಾಲಿಗೆ ಗ್ರೀಸ್ ಹಚ್ಚಿದ ದಿನ ಲೈಟು ಮಂಕು. ಬೇರೆ ವಯರ್ ಎಳೆದು ಸಾಕೆಟ್ಟಿಗೆ ಕೊಟ್ಟ ಮೇಲೆ ಸರಿ ಹೋಯಿತು.

ಇಷ್ಟೆಲ್ಲ ದೂರು ಹೇಳಿದವನು ಇವತ್ತು ಮಾರುತ್ತೀರಾ ಅಂದರೆ ಮಾರುವುದಿಲ್ಲ. ಡಬ್ಬಿ ನೆಲದಿಂದ ಎರಡೇ ಅಡಿ ಎತ್ತರ, ಎಪ್ಪತ್ತು ದಾಟಿದ ಅಪ್ಪಯ್ಯನೂ ಅಡಿಕೆ ಗೊನೆ ಎತ್ತಿ ಹಾಕುತ್ತಾರೆ. ಕೊಯ್ಲಿನ ದಿನ ಟ್ರೈಲರನ್ನು ಕಳಚಿ ತೋಟದಲ್ಲಿ ಬಿಟ್ಟು ಬರುತ್ತೇನೆ, ಅದು ತುಂಬುವಷ್ಟರಲ್ಲಿ ಪೇಟೆಗೆ ಹೋಗಿ ಬರಬಹುದು. ಟ್ರೈಲರಿಗೆ ಆಮೇಲೆ ಹಾಕಿದ್ದು ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ಅದರಲ್ಲಿ ಹಿಚ್ಚು, ಮೂತಿ, ಅರ್ತ್ ವಯರು ಇವಿಷ್ಟನ್ನು ಮೊದಲೇ ಕೇಳಿ ಮಾಡಿಸಿದ್ದರೆ ಅರ್ಧ ಉಳಿಯುತ್ತಿತ್ತು.

ಈಗ ಎಡಗಡೆ ಪಾಟಾದ ಬುಶ್ ಕಿರುಗುಟ್ಟುತ್ತಿದೆ, ಮಳೆಗೆ ಮುಂಚೆ ಹಾಕಿಸಬೇಕು. ಹಿಚ್ಚಿನ ಬಾಲಿಗೆ ಗ್ರೀಸ್ ಇರುವುದರಿಂದ ಹಿಂದೆ ಹೋದವರ ಬಟ್ಟೆಗೆಲ್ಲ ಬಳಿಯುತ್ತಿತ್ತು. ಮಗನ ಹಳೇ ಟೆನಿಸ್ ಚೆಂಡು ಸೀಳಿ ಅದಕ್ಕೆ ಟೋಪಿ ಹಾಕಿದ್ದೇನೆ. ಮೊನ್ನೆ ಹೊಸನಗರದ ಕಡೆ ಮದುವೆಗೆ ಕ್ಯಾಂಪರಿನಲ್ಲೇ ಹೋದೆವು, ಮನೆಯವಳೂ ಬಂದಳು. ಅಲ್ಲಿ ಯಾರದೋ ಮಗು ಬಂದು ಆ ಚೆಂಡನ್ನು ಕಿತ್ತುಕೊಂಡು ಹೋಯಿತು.