266 ರೂಪಾಯಿಯ ಯೂರಿಯಾ ಚೀಲ: ಮಾಲಿಗೆ ನಾಲ್ಕು ಸ್ಟಾರ್, ಮಾರುವ ರೀತಿಗೆ ಎರಡೇ

ಗೊಬ್ಬರಕ್ಕೂ ರಿವ್ಯೂ ಬರೀತಾರಾ ಅಂತ ನಗಬೇಡಿ. ಹಾವೇರಿ ಕಡೆ ಮೆಕ್ಕೆಜೋಳ ಬೆಳೆಯುವ ನಮ್ಮಂಥವರು ಮಳೆಗಾಲದಲ್ಲಿ ಸಾಲು ನಿಂತು ಕೊಳ್ಳುವ ವಸ್ತು ಅಂದರೆ ಇದೇ. ಬೇವು ಲೇಪಿತ ಯೂರಿಯಾ, 45 ಕೆಜಿ ಚೀಲ, ಎಂಆರ್‌ಪಿ 266 ರೂಪಾಯಿ 50 ಪೈಸೆ.

ಮೊದಲು ಮಾಲು. ಕೆಲಸದ ಬಗ್ಗೆ ತಕರಾರೇ ಇಲ್ಲ. ಬಿತ್ತಿ ತಿಂಗಳಾಗುವ ಹೊತ್ತಿಗೆ, ಒಂದು ಮಳೆ ಬಿದ್ದು ನೆಲ ಹದವಾಗಿರುವಾಗ ಬುಡಕ್ಕೆ ಹಾಕಿ ಎಡೆ ಹೊಡೆದರೆ ವಾರದೊಳಗೆ ಹೊಲದ ಬಣ್ಣವೇ ಬದಲಾಗುತ್ತದೆ. ಇದರಲ್ಲಿ 46% ಸಾರಜನಕ, ಅಂದರೆ ಚೀಲಕ್ಕೆ 20 ಕೆಜಿಗಿಂತ ಸ್ವಲ್ಪ ಜಾಸ್ತಿ. ಬೇವಿನೆಣ್ಣೆ ಲೇಪ 2015ರಿಂದ ಕಡ್ಡಾಯ. ಚೀಲ ಬಿಚ್ಚಿದ ಕೂಡಲೇ ಆ ಕಹಿ ವಾಸನೆ ಮೂಗಿಗೆ ಬರುತ್ತದೆ, ಹರಳು ಅಚ್ಚ ಬಿಳಿ ಇರದೆ ಸ್ವಲ್ಪ ಹಳದಿಗೆ ತಿರುಗಿರುತ್ತದೆ. ಲೇಪ ಇದ್ದರೆ ಸಾರಜನಕ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಜೊತೆಗೆ ರೈತರ ಹೆಸರಿನ ಯೂರಿಯಾ ಪ್ಲೈವುಡ್‌ನಂಥ ಕಾರ್ಖಾನೆಗಳಿಗೆ ಕದ್ದು ಹೋಗುವುದೂ ಕಮ್ಮಿಯಾಗುತ್ತದೆ ಅನ್ನೋ ಲೆಕ್ಕ. ಪ್ಯಾಕಿಂಗ್ ಮಾತ್ರ ಸಾಧಾರಣ. ಹಮಾಲರ ಕೊಕ್ಕೆ ಬಿದ್ದ ಚೀಲ ಮನೆ ಮುಟ್ಟುವವರೆಗೂ ಸೋರುತ್ತಿರುತ್ತದೆ, ತೇವ ಹೊಕ್ಕರೆ ಗಟ್ಟಿ ಹೆಂಟೆ ಗ್ಯಾರಂಟಿ. ಅಂಗಡಿಯಲ್ಲೇ ಚೀಲ ತಿರುಗಿಸಿ ನೋಡಿ ತನ್ನಿ.

ಈಗ ಬೆಲೆ. ತೆರಿಗೆ, ಲೇಪದ ಖರ್ಚು ಬಿಟ್ಟರೆ ಈ ಚೀಲದ ಮೂಲ ದರ 242. ಅದೇ ಚೀಲದ ನಿಜವಾದ ಖರ್ಚು ಸುಮಾರು 2,200 ರೂಪಾಯಿ ಅಂತ ಕೇಂದ್ರ ಸರ್ಕಾರವೇ 2023ರಲ್ಲಿ ಹೇಳಿತ್ತು. ಉಳಿದದ್ದೆಲ್ಲ ಸಬ್ಸಿಡಿ. 2022-23ರಲ್ಲಿ ಯುಕ್ರೇನ್ ಯುದ್ಧದಿಂದ ಗ್ಯಾಸ್, ಗೊಬ್ಬರ ಎರಡರ ರೇಟೂ ಏರಿದಾಗ ಎಲ್ಲ ಗೊಬ್ಬರಗಳ ಸಬ್ಸಿಡಿ ಸೇರಿ ಎರಡೂವರೆ ಲಕ್ಷ ಕೋಟಿ ಮುಟ್ಟಿತ್ತು. ಬೆಂಗಳೂರಿನ ನೆಂಟರು ಹಬ್ಬಕ್ಕೆ ಬಂದಾಗ "ನಮ್ಮ ಟ್ಯಾಕ್ಸ್ ದುಡ್ಡು ಕಣಯ್ಯ" ಅಂತ ತೆಗೆಯುವ ಮಾತು ಇದೇ. ತೆಗೀಲಿ ಬಿಡಿ. ಆದರೆ ಆ ದುಡ್ಡು ಹೋಗುವ ದಾರಿ ಅವರಿಗೂ ಗೊತ್ತಿರಲ್ಲ, ನಮ್ಮಲ್ಲಿ ಬಹಳ ಜನಕ್ಕೂ ಗೊತ್ತಿಲ್ಲ. 2018ರಿಂದ ಅಂಗಡಿಯಲ್ಲಿ ಪಿಒಎಸ್ ಮಷಿನ್ ಇದೆ, ಆಧಾರ್ ಹೇಳಿ ಹೆಬ್ಬೆಟ್ಟು ಒತ್ತಬೇಕು. ಡಿಬಿಟಿ, ಅಂದರೆ ನೇರ ಲಾಭ ವರ್ಗಾವಣೆ, ಅಂತಲೇ ಅದಕ್ಕೆ ಹೆಸರು. ಆದರೆ ನಾವು ಹೆಬ್ಬೆಟ್ಟು ಒತ್ತಿದ ಮೇಲೆ ಸಬ್ಸಿಡಿ ಜಮಾ ಆಗುವುದು ಗೊಬ್ಬರ ಕಂಪನಿಯ ಖಾತೆಗೆ.

ಹಾಗಾದ್ರೆ ಎಕರೆಗೆ ಇಷ್ಟು ಅಂತ ರೈತರ ಖಾತೆಗೇ ಹಾಕಿ, ಗೊಬ್ಬರ ಪೂರ್ತಿ ರೇಟಿಗೆ ಮಾರಲಿ ಅನ್ನುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ. ನನಗೆ ಮಾತ್ರ ಒಪ್ಪಿಗೆ ಇಲ್ಲ. ನಮ್ಮೂರಲ್ಲಿ ಲಾವಣಿಗೆ (ಗುತ್ತಿಗೆಗೆ), ಪಾಲಿಗೆ ಹೊಲ ಮಾಡುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಹೀಗಾಗಿ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಹೋಗುವುದು ಊರು ಬಿಟ್ಟು ಪೇಟೆ ಸೇರಿದ ಜಮೀನುದಾರರಿಗೆ, ಬೆವರು ಸುರಿಸುವವರಿಗೆ ಒಂದು ಪೈಸೆಯೂ ಇಲ್ಲ. ಯೂರಿಯಾ ಚೀಲ ಹಾಗಲ್ಲ. ಯಾರು ಸಾಲಲ್ಲಿ ನಿಂತರೋ ಅವರಿಗೇ ಕಮ್ಮಿ ರೇಟು. ಪಹಣಿ ಇಲ್ಲದ ಪಾಲುಗಾರರಿಗೂ ಮುಟ್ಟುವ ಸಬ್ಸಿಡಿ ಬೇರೆ ಎಷ್ಟಿವೆ ಹೇಳಿ.

ಹಾಗಂತ ಇದರಲ್ಲಿ ಹುಳುಕಿಲ್ಲ ಅಂತಲ್ಲ. ಯೂರಿಯಾದ ಮೂಲ ದರ 2012ರಿಂದ ಟನ್ನಿಗೆ 5,360ರಲ್ಲೇ ನಿಂತಿದೆ. ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರ 50 ಕೆಜಿಗೆ 1,350, ಪೊಟ್ಯಾಷ್ ಅದಕ್ಕಿಂತಲೂ ಮೇಲೆ. ಕೈಯಲ್ಲಿ ಎರಡು ಸಾವಿರ ಇಟ್ಟುಕೊಂಡು ಅಂಗಡಿಗೆ ಹೋದವರು ಏನು ತರುತ್ತಾರೆ? ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ 40 ಕೆಜಿ ಸಾರಜನಕ ಸಾಕು, ಡಿಎಪಿ ಒಂದು ಚೀಲ ಹಾಕಿದರೆ ಯೂರಿಯಾ ಒಂದೂವರೆ ಚೀಲಕ್ಕೆ ಲೆಕ್ಕ ಮುಗಿಯಿತು. ನಮ್ಮಲ್ಲಿ ಮೂರು ಚೀಲ ಸುರಿಯುವವರಿದ್ದಾರೆ. ಬೆಳೆ ಸೊಕ್ಕಿ, ಗಾಳಿಗೆ ಮಲಗಿ, ಹುಳ ಜಾಸ್ತಿಯಾದ ಮೇಲೆ ಔಷಧಿ ಅಂಗಡಿಗೆ ಓಡುತ್ತಾರೆ. ಯೂರಿಯಾಕ್ಕೆ ನೂರಿನ್ನೂರು ಏರಿಸಿ, ಉಳಿದ ದುಡ್ಡನ್ನು ಪೊಟ್ಯಾಷ್ ಮೇಲೆ ಹಾಕಿದರೆ ನಾನಂತೂ ಬೈಯುವುದಿಲ್ಲ. ಯಾವ ಪಕ್ಷವೂ ಅದಕ್ಕೆ ಕೈ ಹಾಕಲ್ಲ, ಅದು ಬೇರೆ ಮಾತು.

ಇನ್ನು ಸರ್ವಿಸ್. ಇಲ್ಲೇ ಸ್ಟಾರ್ ಕಳೆದದ್ದು. ಮಷಿನ್ನಿನ ಸರ್ವರ್ ಡೌನ್ ಅನ್ನುವುದು ಇದ್ದದ್ದೇ. ಕಳೆ ಕಿತ್ತು ಕಿತ್ತು ಗೆರೆ ಸವೆದ ಬೆರಳನ್ನು ಮಷಿನ್ ಒಪ್ಪುವುದಿಲ್ಲ. ವಯಸ್ಸಾದವರು ಬೆರಳನ್ನು ತಲೆಗೂದಲಿಗೆ ಉಜ್ಜಿ, ಎಣ್ಣೆಪಸೆ ಹತ್ತಿಸಿಕೊಂಡು ಮತ್ತೆ ಒತ್ತುತ್ತಾರೆ. ಅದನ್ನಾದರೂ ಸಹಿಸಬಹುದು, ಸಹಿಸೋಕಾಗದ್ದು ಲಿಂಕ್. ನಾನು ಹೋಗುವ ಅಂಗಡಿಯಲ್ಲಿ ಕಳೆದ ಮುಂಗಾರಿಗೆ ಯೂರಿಯಾ ಬೇಕಂದ್ರೆ ನ್ಯಾನೊ ಯೂರಿಯಾ (ಎಲೆಗೆ ಸಿಂಪಡಿಸುವ ದ್ರವ ಗೊಬ್ಬರ) ಬಾಟಲಿ ತಗೊಳ್ಳಲೇಬೇಕು ಅಂದರು. ಬಾಟಲಿಗೆ 225. ಅಲ್ಲಿಗೆ ಚೀಲ 491 ರೂಪಾಯಿಗೆ ಬಿತ್ತು. ಕೇಳಿದರೆ "ಮೇಲಿನಿಂದ ಹಂಗೇ ಬಂದಿದೆ" ಅಂತಾರೆ. ಹೀಗೆ ಲಿಂಕ್ ಮಾಡಬಾರದು ಅಂತ ಕೇಂದ್ರ ಸರ್ಕಾರವೇ ಎಚ್ಚರಿಸಿದೆ. ಆ ಬಾಟಲಿಯೋ, ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಇಳುವರಿ ಇಳಿಸಿದ ಮಾಲು.

ಕೊಳ್ಳುವವರಿಗೆ ಇಷ್ಟು ಹೇಳ್ತೀನಿ. ಮಳೆ ಬಂದ ಮರುದಿನ ಓಡಬೇಡಿ, ಬಿತ್ತನೆಗೆ ಮುಂಚೆಯೇ ಬೇಕಾದಷ್ಟು ತಂದು ಹಲಗೆ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ಮಷಿನ್ ಬಿಲ್ ಬಿಡದೆ ಕೇಳಿ ಪಡೆಯಿರಿ, ನಿಮ್ಮ ಹೆಸರಲ್ಲಿ ಎಷ್ಟು ಚೀಲ ಏರಿಸಿದ್ದಾರೆ ಅಂತ ಎಣಿಸಿ, ಯಾಕಂದ್ರೆ ತಂದದ್ದು ಎರಡು ಇದ್ದು ಬಿಲ್ಲಲ್ಲಿ ಐದು ಇದ್ದರೆ ಆ ಮೂರು ಎಲ್ಲಿಗೋ ಹೋಗಿವೆ ಅಂತ ಅರ್ಥ. ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ರೈತ ಸಂಪರ್ಕ ಕೇಂದ್ರದಲ್ಲಿ ಬರವಣಿಗೆಯಲ್ಲಿ ದೂರು ಕೊಡಿ, ಬಾಯಿಮಾತು ಅಲ್ಲಿ ನಡೆಯಲ್ಲ.