ಪರಿವಾಹನ್ ರಿವ್ಯೂ: ಫೋನಲ್ಲೇ ಮುಗಿಯೋ ಕೆಲಸಕ್ಕೆ ನಾಲ್ಕೂವರೆ ಸ್ಟಾರ್, ಆರ್‌ಟಿಓ ಮೆಟ್ಲು ಹತ್ತೋ ಕೆಲಸಕ್ಕೆ ಎರಡು

ಪರಿವಾಹನ್‌ಗೆ (ಗಾಡಿ, ಲೈಸೆನ್ಸ್ ಕೆಲಸಕ್ಕೆ ಇರೋ ಕೇಂದ್ರ ಸರ್ಕಾರದ ವೆಬ್‌ಸೈಟ್) ಎಷ್ಟು ಸ್ಟಾರ್ ಕೊಡ್ತೀರಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿಸಿ ಕೇಳೋದು ಯಾವ ಕೆಲಸಕ್ಕೆ ಅಂತ. ಎಲ್‌ಎಲ್ (ಕಲಿಯೋರ ಲೈಸೆನ್ಸ್) ಮಾಡ್ಸೋಕಾ, ಡಿಎಲ್ (ಡ್ರೈವಿಂಗ್ ಲೈಸೆನ್ಸ್) ರಿನ್ಯೂವಲ್‌ಗಾ, ಇಲ್ಲಾ ಸೆಕೆಂಡ್ ಹ್ಯಾಂಡ್ ಗಾಡಿ ಹೆಸರು ಬದಲಾಯಿಸೋಕಾ? ವೆಬ್‌ಸೈಟ್ ಅದೇ, ಆದ್ರೆ ಒಂದೊಂದು ಕೆಲಸದ ಅನುಭವ ಒಂದೊಂದು ಥರ. ನಮ್ಮನೇಲಿ ಈ ಥರ ಕೆಲಸ ಎಲ್ಲಾ ನನ್ನ ತಲೆಗೇ ಕಟ್ಟಿದಾರೆ, ಅಪ್ಪಂದು, ಅಕ್ಕನ ಮಗಳದ್ದು, ಪಕ್ಕದ ಮನೆ ಅಂಕಲ್‌ದು ಕೂಡ, ಅದಕ್ಕೇ ಒಂದ್ಸಲ ಎಲ್ಲಾ ಸೇರ್ಸಿ ಬರೆಯೋಣ ಅನ್ನಿಸ್ತು.

ಮೊದ್ಲು ಇದನ್ನ ನಡೆಸೋರು ಯಾರು ಅಂತ ನೋಡಿ, ಯಾಕಂದ್ರೆ ಅರ್ಧ ಬೈಗುಳ ತಪ್ಪು ವಿಳಾಸಕ್ಕೆ ಹೋಗ್ತಾ ಇದೆ. ಡೆಲ್ಲೀಲಿ ಪಾರ್ಲಿಮೆಂಟ್ ಸ್ಟ್ರೀಟಲ್ಲಿ ಪರಿವಹನ್ ಭವನ್ ಅಂತ ಇದೆ, ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಇರೋದು ಅಲ್ಲಿ, 2014ರಿಂದ ನಿತಿನ್ ಗಡ್ಕರಿ ಮಂತ್ರಿ. ಇದರ ಮೂಲ ಹುಡುಕ್ತಾ ಹೋದ್ರೆ 1942ರಲ್ಲಿ ಬ್ರಿಟಿಷರು ಯುದ್ಧಕ್ಕೆ ಅಂತ ಮಾಡಿದ ವಾರ್ ಟ್ರಾನ್ಸ್‌ಪೋರ್ಟ್ ಇಲಾಖೆಗೆ ಹೋಗಿ ನಿಲ್ಲುತ್ತೆ. ಆಮೇಲೆ ಹಡಗಿನ ಇಲಾಖೆ ಜೊತೆ ಸೇರ್ಸೋದು ಬಿಡಿಸೋದು ಸುಮಾರು ಸಲ ಆಗಿ, 2009ರಲ್ಲಿ ಮತ್ತೆ ಬೇರೆ ಮಾಡಿದ್ರು. ಒಳಗಡೆ ಮುಖ್ಯವಾಗಿ ಎರಡು ವಿಂಗು, ರಸ್ತೆ ಕಟ್ಟೋದನ್ನ ನೋಡ್ಕೊಳೋದು ಒಂದು, ಗಾಡಿ ಲೈಸೆನ್ಸು ಕಾನೂನು ಎಲ್ಲಾ ನೋಡ್ಕೊಳೋದು ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ನಿಯಮಗಳು ಇವೆಲ್ಲಾ ಆ ಎರಡನೇ ವಿಂಗಿನ ಕೈಲಿ. ಪರಿವಾಹನ್ ಸಾಫ್ಟ್‌ವೇರ್ ಮಾಡಿದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ, ಗಾಡಿ ಲೆಕ್ಕಕ್ಕೆ ವಾಹನ್, ಲೈಸೆನ್ಸ್ ಲೆಕ್ಕಕ್ಕೆ ಸಾರಥಿ.

ಆದ್ರೆ ಆರ್‌ಟಿಓ ಮಾತ್ರ ಕೇಂದ್ರದ್ದಲ್ಲ. ಅಲ್ಲಿ ಕೂತಿರೋ ಇನ್‌ಸ್ಪೆಕ್ಟರು, ಕ್ಲರ್ಕು, ಸೂಪರಿಂಟೆಂಡೆಂಟು ಎಲ್ರೂ ರಾಜ್ಯದ ಸಾರಿಗೆ ಇಲಾಖೆಯೋರು, ಅವರ ಹೆಡ್ ಆಫೀಸ್ ಬೆಂಗಳೂರಿನ ಶಾಂತಿನಗರದಲ್ಲಿ. ಮೆನು ಕಾರ್ಡ್ ಡೆಲ್ಲೀಲಿ ಪ್ರಿಂಟ್ ಆಗುತ್ತೆ, ಅಡುಗೆಮನೆ ಮಾತ್ರ ನಮ್ಮೂರಿಂದು. ದೋಸೆ ಸೀದ್ರೆ ಪ್ರಿಂಟ್ ಮಾಡಿದೋನಿಗೆ ಬೈದು ಏನು ಪ್ರಯೋಜನ ಹೇಳಿ.

ಈಗ ಚೆನ್ನಾಗಿರೋದ್ರಿಂದ ಶುರು ಮಾಡ್ತೀನಿ. ಎಲ್‌ಎಲ್ ನಿಜಕ್ಕೂ ಸೂಪರ್. ಆಧಾರ್ ಜೊತೆ ಮೊಬೈಲ್ ನಂಬರ್ ಲಿಂಕ್ ಆಗಿದ್ರೆ ಮನೇಲಿ ಕೂತ್ಕೊಂಡೇ ಮುಗೀತು, ಮಾರ್ಚ್ 2021ರಲ್ಲಿ ಕೇಂದ್ರ 18 ಸೇವೆಗಳನ್ನ ಆಧಾರ್ ಮೇಲೆ ಆನ್‌ಲೈನ್ ಮಾಡ್ಬಹುದು ಅಂತ ಆರ್ಡರ್ ಮಾಡ್ತು, 2022ರಲ್ಲಿ ಅದು 58ಕ್ಕೆ ಹೋಯ್ತು. ಅಕ್ಕನ ಮಗಳು ಹಾಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ರಸ್ತೆ ಸುರಕ್ಷತೆ ವಿಡಿಯೋ ನೋಡಿ ಟೆಸ್ಟ್ ಬರೆದು ಪಾಸಾದ್ಲು, ನಮ್ಮಮ್ಮ ಹಿಂದೆಯಿಂದ ಉತ್ತರ ಹೇಳೋಕೆ ಬಂದ್ರು, ಕ್ಯಾಮೆರಾ ನೋಡ್ತಾ ಇರುತ್ತೆ ಅಂತ ಹೇಳಿ ಆಚೆ ಕಳಿಸಿದ್ವಿ. ಶೇಕಡ 60 ಬಂದ್ರೆ ಪಾಸು. ಕೇಂದ್ರದ ನಿಯಮದಲ್ಲಿ ಎಲ್‌ಎಲ್‌ಗೆ ಒಂದು ಬಗೆ ಗಾಡಿಗೆ 150 ರೂಪಾಯಿ, ಟೆಸ್ಟಿಗೆ 50, ಅಷ್ಟೇ. ಇದಕ್ಕೆ ಏಜೆಂಟ್ ಹತ್ರ ಸಾವಿರಾರು ರೂಪಾಯಿ ಕೊಡೋರನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ.

30 ದಿನ ಆದ್ಮೇಲೆ ಡಿಎಲ್‌ಗೆ ಹಾಕ್ಬೇಕು, ಆರು ತಿಂಗಳ ಒಳಗೆ ಮುಗಿಸ್ಕೊಬೇಕು. ಸ್ಲಾಟ್ ಬುಕ್ ಮಾಡೋವರೆಗೂ ಆನ್‌ಲೈನ್, ಟೆಸ್ಟಿಗೆ 300, ಡಿಎಲ್ ಕೊಡೋಕೆ 200, ಇಲ್ಲಿಂದ ಮುಂದೆ ರಾಜ್ಯದ ಕೈ. ಬೆಂಗಳೂರಲ್ಲಿ ಜ್ಞಾನಭಾರತಿ ಹತ್ರ ಸೆನ್ಸರ್ ಇರೋ ಆಟೋಮ್ಯಾಟಿಕ್ ಟ್ರ್ಯಾಕ್ ಇದೆ, ಅಲ್ಲಿ ಮೆಷಿನ್ನೇ ಮಾರ್ಕ್ಸ್ ಹಾಕೋದು. ಬೇರೆ ಕಡೆ ಸುಮಾರು ಊರಲ್ಲಿ ಇನ್‌ಸ್ಪೆಕ್ಟರ್ ನಿಂತ್ಕೊಂಡು ಎಂಟು ಹಾಕ್ಸಿ (8ರ ಆಕಾರದಲ್ಲಿ ಗಾಡಿ ಓಡಿಸಿ) ನೋಡ್ತಾರೆ. ನನ್ನ ಕೇಳಿದ್ರೆ ಎಲ್ಲಾ ಕಡೆ ಮೆಷಿನ್ ಬರ್ಬೇಕು, ಫೇಲಾದ್ರೂ ಯಾಕೆ ಫೇಲಾದೆ ಅಂತ ಗೊತ್ತಾಗುತ್ತೆ.

ಅಪ್ಪನ ರಿನ್ಯೂವಲ್ ಮಾತ್ರ ಕೇಳ್ಬೇಡಿ. ಅವರದ್ದು ಹಳೇ ಕಾಲದ ಪುಸ್ತಕ ಥರದ ಡಿಎಲ್ಲು, ಕಂಪ್ಯೂಟರ್‌ನಲ್ಲಿ ಇರ್ಲೇ ಇಲ್ಲ. ಸಾರಥೀಲಿ ನಂಬರ್ ಹೊಡೆದ್ರೆ ಏನೂ ಬರಲ್ಲ, ಯಾಕಂದ್ರೆ ಅದನ್ನ ಬ್ಯಾಕ್‌ಲಾಗ್ ಎಂಟ್ರಿ ಅಂತ ಹಳೇ ರಿಜಿಸ್ಟರ್ ನೋಡಿ ಆಫೀಸಿನೋರೇ ಹತ್ತಿಸ್ಬೇಕು. ಒಂದು ಆರ್‌ಟಿಓಗೆ ಹೋದ್ವಿ, ಡಿಎಲ್ ಕೊಟ್ಟಿರೋದು ಇನ್ನೊಂದು ಆಫೀಸು ಅಲ್ಲಿಗೇ ಹೋಗಿ ಅಂದ್ರು, ಅಲ್ಲಿಗೆ ಹೋದ್ರೆ ಹಳೇ ರಿಜಿಸ್ಟರ್ ನೋಡ್ಕೊಳೋರು ಲೀವ್ ಅಂದ್ರು. ಕೊನೆಗೂ ಎಂಟ್ರಿ ಆಗಿ ಅರ್ಜಿ ಹಾಕಿದ್ಮೇಲೆ ಸ್ಟೇಟಸ್‌ನಲ್ಲಿ ಸ್ಕ್ರೂಟಿನಿ ಪೆಂಡಿಂಗ್ (ಪರಿಶೀಲನೆ ಬಾಕಿ) ಅಂತ ಬಂದಿದ್ದು ಅಲ್ಲೇ ನಿಂತ್ಬಿಡ್ತು. ಯಾಕೆ ಅಂತ ಒಂದು ಸಾಲೂ ಇಲ್ಲ. ಹೋಗಿ ಕೇಳಿದ್ರೆ ಡಾಕ್ಟರ್ ಸರ್ಟಿಫಿಕೇಟ್ ಸ್ಕ್ಯಾನ್ ಸರಿಯಾಗಿ ಕಾಣ್ತಿಲ್ಲ ಅಂತೆ. ಅಷ್ಟನ್ನ ಒಂದು ಎಸ್ಸೆಮ್ಮೆಸ್‌ನಲ್ಲಿ ಹೇಳೋಕೆ ಏನಾಗಿತ್ತು ಸ್ವಾಮಿ.

ಇಲ್ಲಿ ಒಂದು ಮುಖ್ಯ ವಿಷಯ, ಸುಮಾರು ಜನಕ್ಕೆ ಗೊತ್ತಿಲ್ಲ. ಮುಂಚೆ ಡಿಎಲ್ ಅವಧಿ ಮುಗಿದ್ರೂ 30 ದಿನ ಚಾಲ್ತೀಲಿ ಇರ್ತಿತ್ತು, 2019ರ ತಿದ್ದುಪಡೀಲಿ ಅದನ್ನ ತೆಗೆದುಬಿಟ್ರು. ಅಂದ್ರೆ ಮುಗಿದ ಮಾರನೇ ದಿನದಿಂದ್ಲೇ ನಿಮ್ಮ ಹತ್ರ ಲೈಸೆನ್ಸ್ ಇಲ್ಲ ಅಂತ ಲೆಕ್ಕ. ಅದರ ಬದ್ಲು ಒಂದು ವರ್ಷ ಮುಂಚೆನೇ ರಿನ್ಯೂವಲ್‌ಗೆ ಹಾಕೋಕೆ ಬಿಟ್ಟಿದಾರೆ. ಮುಗಿದು ಒಂದು ವರ್ಷ ದಾಟಿದ್ರೆ ಮತ್ತೆ ಟೆಸ್ಟ್ ಕೊಡ್ಬೇಕು, 60 ದಾಟಿದ ಅಪ್ಪಂದಿರಿಗೆ ಮತ್ತೆ ಎಂಟು ಹಾಕ್ಸೋದು ಬೇಡ ಅಂದ್ರೆ ಇವತ್ತೇ ಡೇಟ್ ನೋಡಿ ಇಟ್ಕೊಳಿ. 40 ದಾಟಿದೋರಿಗೆ ಮೆಡಿಕಲ್ ಸರ್ಟಿಫಿಕೇಟ್ ಫಾರಂ 1ಎ ಬೇಕು, 55 ಆದ್ಮೇಲೆ ಐದೈದು ವರ್ಷಕ್ಕೇ ಕೊಡೋದು.

ಗಾಡಿ ಹೆಸರು ಬದಲಾವಣೆ ಎರಡರ ಮಧ್ಯೆ ಬರುತ್ತೆ. ಪಕ್ಕದ ಮನೆ ಅಂಕಲ್ ಹಳೇ ಸ್ಕೂಟರ್ ತಗೊಂಡ್ರು, ಬೇಕಾಗಿದ್ದು ಹೆಸರು ಬದಲಾವಣೆಯ ಫಾರಂ 29, 30, ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು, ಮಾರಿದೋರ ಸೈನು. ಟೂ ವೀಲರ್‌ಗೆ ಕೇಂದ್ರದ ಫೀಸ್ 150. ಮಾರಿದೋರು ಲೋನ್ ತೀರ್ಸಿದ್ರೂ ಆರ್‌ಸಿಲಿ ಬ್ಯಾಂಕ್ ಹೆಸರು ಹಾಗೇ ಬಿಟ್ಟಿದ್ರು, ಅದನ್ನ ತೆಗೆಸೋಕೆ ಫಾರಂ 35 ಮತ್ತೆ ಬ್ಯಾಂಕಿನ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಸೆಕೆಂಡ್ ಹ್ಯಾಂಡ್ ತಗೊಳೋ ಮುಂಚೆ ವಾಹನ್‌ನಲ್ಲಿ ಇದೊಂದು ನೋಡ್ಕೊಳಿ. ಗಾಡಿ ಮಾರಿದೋರಿಗೂ ಹೇಳ್ತೀನಿ, ಒಂದೇ ರಾಜ್ಯದೊಳಗೆ ಆದ್ರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು ಅಂತ ಕಾಯ್ದೇಲೇ ಇದೆ. ಬರೀ ಪೇಪರ್ ಸೈನ್ ಮಾಡಿ ಕೀ ಕೊಟ್ಟು ಕೈ ತೊಳ್ಕೊಂಡ್ರೆ ನಾಳೆ ಆಕ್ಸಿಡೆಂಟ್ ಆದಾಗ ಪರಿಹಾರದ ಕೇಸು ನಿಮ್ಮ ತಲೆಗೇ ಬರುತ್ತೆ, ಆರ್‌ಸಿಲಿ ಹೆಸರಿರೋರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಟ್ಯಾಕ್ಸ್ ವಿಷಯಕ್ಕೆ ಕೇಂದ್ರಕ್ಕೆ ಬೈಯೋರು ಸ್ವಲ್ಪ ತಡೀರಿ. ಸಂವಿಧಾನದಲ್ಲಿ ಮೋಟಾರು ಗಾಡಿ ಸಮವರ್ತಿ ಪಟ್ಟೀಲಿದೆ, ಕೇಂದ್ರ ರಾಜ್ಯ ಇಬ್ರೂ ಕಾನೂನು ಮಾಡ್ಬಹುದು, ಆದ್ರೆ ಗಾಡಿ ಮೇಲಿನ ಟ್ಯಾಕ್ಸ್ ರಾಜ್ಯದ್ದು. ನಮ್ಮ ಲೈಫ್‌ಟೈಮ್ ಟ್ಯಾಕ್ಸ್ ಹೋಗೋದು ವಿಧಾನಸೌಧದ ಕಡೆಗೇ. 2021ರಲ್ಲಿ ಬಿಎಚ್ ಸೀರೀಸ್ (ಬೇರೆ ರಾಜ್ಯಕ್ಕೆ ಹೋದ್ರೂ ಬದಲಾಯಿಸ್ಬೇಕಿಲ್ಲದ ಗಾಡಿ ನಂಬರ್) ಬಂದಾಗ ಕೇಂದ್ರ ಎರಡೆರಡು ವರ್ಷಕ್ಕೆ ಟ್ಯಾಕ್ಸ್ ಕಟ್ಟಿ ಸಾಕು ಅಂತು, ಒಂದೇ ಸಲ ಪೂರ್ತಿ ದುಡ್ಡು ತಗೊಂಡು ಅಭ್ಯಾಸ ಇರೋ ರಾಜ್ಯಗಳಿಗೆ ಅದು ಇಷ್ಟ ಆಗ್ಲಿಲ್ಲ, ಆಗೋದಾದ್ರೂ ಹೇಗೆ. ದಂಡದ ಕಥೆನೂ ಹಂಗೇ. ಸೆಪ್ಟೆಂಬರ್ 2019ರಲ್ಲಿ ಕೇಂದ್ರ ದಂಡ ಏರಿಸ್ತು, ಅದೇ ತಿಂಗಳು ಕರ್ನಾಟಕ ಸ್ಥಳದಲ್ಲೇ ಕಟ್ಟೋ ದಂಡ ಇಳಿಸ್ತು, ಹಾಗಾಗಿ ಹೆಲ್ಮೆಟ್ ಇಲ್ಲ ಅಂದ್ರೆ ಇಲ್ಲಿ 500, ಕಾಯ್ದೆ ಪುಸ್ತಕದಲ್ಲಿ 1000. ಹಿಡಿಯೋ ಪೊಲೀಸ್ರು ಗೃಹ ಇಲಾಖೆ. ಅವರಿಗೂ ಆರ್‌ಟಿಓಗೂ ಬಾಸ್‌ಗಳೇ ಬೇರೆ.

ಇನ್ನು ಕೆಎಸ್‌ಆರ್‌ಟಿಸಿ ಬಸ್ ಲೇಟು, ಶಕ್ತಿ ಯೋಜನೇಲಿ ಸೀಟ್ ಸಿಗ್ಲಿಲ್ಲ ಅಂತ ಗಡ್ಕರಿ ಅವರನ್ನ ಟ್ಯಾಗ್ ಮಾಡೋರೂ ಇದಾರೆ. ಅದು ಪೂರ್ತಿ ರಾಜ್ಯದ್ದು. ರೈಲಿಗೆ ಬೇರೆ ಸಚಿವಾಲಯ, ವಿಮಾನಕ್ಕೆ ಬೇರೆ, ಹಡಗಿಗೆ ಬೇರೆ, ಮೆಟ್ರೋ ಅಂತೂ ನಗರಾಭಿವೃದ್ಧಿ ಕಡೆ. ಸಾರಿಗೆ ಅಂತ ಎಲ್ಲಾ ಸೇರಿರೋ ಒಂದೇ ಖಾತೆ ಡೆಲ್ಲೀಲಿ ಇಲ್ವೇ ಇಲ್ಲ.

ರಸ್ತೆ ಗುಂಡಿ ಬಗ್ಗೆ ಕಂಪ್ಲೇಂಟ್ ಕೊಡೋದು ಇನ್ನೂ ತಲೆನೋವು. ಎನ್‌ಎಚ್ (ರಾಷ್ಟ್ರೀಯ ಹೆದ್ದಾರಿ) ಅಂದ ತಕ್ಷಣ ಎನ್‌ಎಚ್‌ಎಐ (ಕೇಂದ್ರದ ಹೆದ್ದಾರಿ ಪ್ರಾಧಿಕಾರ) ಅಂದ್ಕೋಬೇಡಿ. ಬೆಂಗಳೂರು-ಮೈಸೂರು ಎನ್‌ಎಚ್ 275 ಅವರದ್ದು, 2023ರಲ್ಲಿ ಉದ್ಘಾಟನೆ ಆಯ್ತು, ಅದೇ ವರ್ಷ ಆಗಸ್ಟಿಂದ ಮೇನ್ ರಸ್ತೇಲಿ ಬೈಕು ಆಟೋ ಬಿಡ್ಬೇಡಿ ಅಂದಿದ್ದೂ ಅವ್ರೇ. ಶಿರಾಡಿ ಘಾಟ್ ಕೂಡ ಅವರ ಕೈಲಿ. ಆದ್ರೆ ಚಾರ್ಮಾಡಿ ಕಡೆ ಹೋದ್ರೆ ಅದೂ ಎನ್‌ಎಚ್ಚೇ, 73, ಕೆಲಸ ಮಾತ್ರ ನಮ್ಮ ಪಿಡಬ್ಲ್ಯುಡಿಯ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು, ದುಡ್ಡು ಡೆಲ್ಲಿದು ಇಂಜಿನಿಯರ್ ಇಲ್ಲಿಯೋರು. ಹೆದ್ದಾರೀಲಿ ಗಾಡಿ ಕೆಟ್ರೆ, ಆಕ್ಸಿಡೆಂಟ್ ಆದ್ರೆ 1033ಕ್ಕೆ ಫೋನ್ ಮಾಡಿ.

ಫಾಸ್ಟ್ಯಾಗ್ ವಾರ್ಷಿಕ ಪಾಸಿಗೆ ಪೂರ್ತಿ ಮಾರ್ಕ್ಸ್. ಆಗಸ್ಟ್ 15, 2025ರಿಂದ ಶುರು ಆಗಿದ್ದು, ಆಗ 3000 ರೂಪಾಯಿ ಇತ್ತು, ಒಂದು ವರ್ಷ ಇಲ್ಲಾ 200 ಟ್ರಿಪ್, ಯಾವುದು ಮೊದ್ಲು ಮುಗಿಯುತ್ತೋ ಅದು. ಸ್ವಂತ ಕಾರಿಗೆ ಮಾತ್ರ, ಟ್ಯಾಕ್ಸಿಗೆ ಇಲ್ಲ. ರಾಜ್‌ಮಾರ್ಗ್‌ಯಾತ್ರಾ ಆಪ್‌ನಲ್ಲಿ ಇರೋ ಟ್ಯಾಗಿಗೇ ಆಕ್ಟಿವೇಟ್ ಆಗುತ್ತೆ, ಹೊಸ ಸ್ಟಿಕ್ಕರ್ ಬೇಡ. ಮೈಸೂರಿಗೆ ವಾರ ವಾರ ಓಡಾಡೋರಿಗೆ ಇದು ಲಾಭ, ಆದ್ರೆ ನೈಸ್ ರೋಡ್ ಥರದ ರಾಜ್ಯದ ಟೋಲಿಗೆ ಇದು ನಡೆಯಲ್ಲ, ಅಲ್ಲಿ ಮಾಮೂಲಿ ದುಡ್ಡು ಕಟ್ ಆಗುತ್ತೆ.

ಡಿಜಿಲಾಕರ್ ಇಲ್ಲಾ ಎಂಪರಿವಾಹನ್‌ನಲ್ಲಿರೋ ಡಿಎಲ್ ಆರ್‌ಸಿ ತೋರ್ಸಿದ್ರೆ ಒರಿಜಿನಲ್ ಇದ್ದಂಗೇ, 2018ರಲ್ಲೇ ನಿಯಮ ಬಂದಿದೆ. ಗ್ಯಾಲರೀಲಿ ಇರೋ ಫೋಟೋ ನಡೆಯಲ್ಲ, ಆಪ್‌ನಲ್ಲೇ ಓಪನ್ ಮಾಡಿ ತೋರಿಸ್ಬೇಕು.

ಹೊಸಬರಿಗೆ ನನ್ನ ಸಲಹೆ, ಮೊದ್ಲು ಡಿಎಲ್ ಮತ್ತೆ ಆರ್‌ಸಿ ಎರಡರಲ್ಲೂ ಮೊಬೈಲ್ ನಂಬರ್ ಅಪ್‌ಡೇಟ್ ಮಾಡ್ಕೊಳಿ, ಓಟಿಪಿ ಇಲ್ದೆ ಒಂದು ಹೆಜ್ಜೆನೂ ಮುಂದೆ ಹೋಗಲ್ಲ. ಅರ್ಜಿ ನಂಬರ್ ಬರೆದಿಟ್ಕೊಳಿ. ಪೆಂಡಿಂಗ್ ಅಂತ ನಿಂತ್ರೆ ಡೆಲ್ಲಿಗೆ ಮೇಲ್ ಹಾಕ್ತಾ ಕೂರ್ಬೇಡಿ, ಆರ್‌ಟಿಓದಲ್ಲಿ ಯಾರ ಟೇಬಲ್ ಮೇಲಿದೆ ಅಂತ ಕೇಳಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಶಾಂತಿನಗರದ ಕಮಿಷನರ್ ಆಫೀಸಿಗೆ ಬರೆಯಿರಿ. ಮತ್ತೆ ವಾಟ್ಸಾಪಲ್ಲಿ ನಿಮ್ಮ ಗಾಡಿಗೆ ಚಲನ್ ಬಿದ್ದಿದೆ ಅಂತ ಪರಿವಾಹನ್ ಹೆಸರಲ್ಲಿ ಎಪಿಕೆ ಫೈಲ್ (ಫೋನಿಗೆ ಆಪ್ ಹಾಕೋ ಫೈಲ್) ಬಂದ್ರೆ ಯಾವ ಕಾರಣಕ್ಕೂ ಮುಟ್ಬೇಡಿ, ಅಕೌಂಟ್ ಖಾಲಿ ಮಾಡೋ ಕಳ್ಳರ ಕೆಲಸ ಅದು. ಅಸಲಿ ವೆಬ್‌ಸೈಟ್ ವಿಳಾಸ ಗವ್ ಡಾಟ್ ಇನ್ ಅಂತ ಮುಗಿಯುತ್ತೆ, ಚಲನ್ ಇದ್ರೆ ಗಾಡಿ ನಂಬರ್ ಹಾಕಿ ಅಲ್ಲೇ ನೋಡ್ಕೋಬಹುದು.