ಕೀಟೋನ್ ಪುಡಿ ಒಂದು ತಿಂಗಳು ಕುಡಿದೆ, ಕೊಳ್ಳುವ ಮುಂಚೆ ಇದನ್ನು ಓದಿ

ದೀಪಾವಳಿ ಮುಗಿದ ವಾರ ಹುಬ್ಬಳ್ಳಿ ವಿದ್ಯಾನಗರದ ಒಂದು ಸಪ್ಲಿಮೆಂಟ್ ಅಂಗಡಿಯಲ್ಲಿ ಕೀಟೋನ್ ಪುಡಿಯ ಡಬ್ಬಿ ತಗೊಂಡೆ. ಬೆಲೆ 2,800 ರೂಪಾಯಿ. ನಿಂಬೆ ರುಚಿ. ಕೀಟೋನ್ ಅಂದರೆ ಕೊಬ್ಬು ಕರಗುವಾಗ ಲಿವರ್ ತಯಾರಿಸುವ ಉರುವಲು, ಅದನ್ನೇ ಪುಡಿ ಮಾಡಿ ತೂಕ ಇಳಿಸಲು ಅಂತ ಮಾರುತ್ತಾರೆ. ಕಂಪನಿಯ ಹೆಸರು, ಅಂಗಡಿಯ ಹೆಸರು ಎರಡನ್ನೂ ಬರೆಯುವುದಿಲ್ಲ. ಆಮೇಲೆ ಇಂಥದ್ದೇ ನಾಲ್ಕೈದು ಡಬ್ಬಿಗಳ ಲೇಬಲ್ ಓದಿದೆ, ಒಳಗಿರುವ ಸರಕು ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದು ಕಂಪನಿಯ ಮೇಲೆ ದೂರು ಹೇಳುವುದಕ್ಕಿಂತ, ಈ ಜಾತಿಯ ಪುಡಿ ಬಗ್ಗೆ ನನಗೆ ಗೊತ್ತಾಗಿದ್ದನ್ನೆಲ್ಲ ಹೇಳಿಬಿಡುತ್ತೇನೆ.

ನನಗೆ 43 ವರ್ಷ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಆಫೀಸು, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ತೂಕ 78 ಕಿಲೋ. ನನಗೆ ಶುಗರ್ ಇಲ್ಲ, ಆದರೆ ಅಪ್ಪನಿಗಿತ್ತು, ಅಣ್ಣನಿಗಿದೆ, ಮುಂದಿನ ಸರದಿ ನನ್ನದೇ ಅನ್ನೋ ಹೆದರಿಕೆಯಿಂದಲೇ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು. ಅಂಗಡಿಯ ಹುಡುಗ ಒಳ್ಳೆಯವನೇ. ಕೂರಿಸಿದ, ನೀರು ಕೊಟ್ಟ. "ಅಕ್ಕಾರ, ರೊಟ್ಟಿ ಬಿಡೂದು ಬ್ಯಾಡ, ಏನೂ ಬ್ಯಾಡ. ಮುಂಜಾನೆ ಒಂದ್ ಚಮಚ, ಸಂಜಿಕಿ ಒಂದ್ ಚಮಚ. ಕೊಬ್ಬು ತಾನ ಕರಗತೈತಿ ನೋಡ್ರಿ" ಅಂದ. ಬಿಪಿ ಇದೆಯಾ, ಯಾವ ಗುಳಿಗೆ ತಗೊಳ್ತೀರಿ, ಕಿಡ್ನಿ ತೊಂದರೆ ಏನಾದರೂ ಇದೆಯಾ, ಒಂದನ್ನೂ ಕೇಳಲಿಲ್ಲ. ಆ ಹೊತ್ತಿಗೆ ನನಗೂ ಹೊಳೆಯಲಿಲ್ಲ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಡಬ್ಬಿಯ ಕತೆ. ಮುಂದೆ ದೊಡ್ಡ ಅಕ್ಷರದಲ್ಲಿ 30 ಸರ್ವಿಂಗ್. ಹಿಂದೆ ಸಣ್ಣ ಅಕ್ಷರದಲ್ಲಿ ದಿನಕ್ಕೆ ಎರಡು. ಅಂದರೆ 15 ದಿನಕ್ಕೆ ಡಬ್ಬಿ ಖಾಲಿ, ತಿಂಗಳಿಗೆ 5,600 ರೂಪಾಯಿ. ರುಚಿ ಉಪ್ಪುಪ್ಪು, ಹುಳಿ, ಕೊನೆಗೆ ನಾಲಿಗೆಯ ಮೇಲೆ ಒಂದು ಥರ ಕಹಿ. ಮೊದಲ ವಾರ ಹೊಟ್ಟೆ ಪೂರಾ ಕೆಟ್ಟಿತು. ಬೆಳಿಗ್ಗೆ ಕುಡಿದು ಬಸ್ ಹತ್ತಿದರೆ ನವನಗರ ಬರುವಷ್ಟರಲ್ಲಿ ಹೊಟ್ಟೆ ಮುರಿಯೋದು. ಎರಡು ದಿನ ರಜೆ ಹಾಕಿದೆ. ಇದು ನನಗೊಬ್ಬಳಿಗೇ ಆದದ್ದಲ್ಲ. ಈ ಪುಡಿಯಲ್ಲಿ ಕೀಟೋನನ್ನು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕೂಡಿಸಿ ಲವಣ ಮಾಡಿರುತ್ತಾರೆ, ಅಷ್ಟು ಲವಣ ಒಮ್ಮೆಲೇ ಹೊಟ್ಟೆಗೆ ಹೋದರೆ ವಾಕರಿಕೆ, ಭೇದಿ ಆಗುವುದು ಮಾಮೂಲಿ. ಅದು ಲೇಬಲ್ ಮೇಲೆ ಇರಲಿಲ್ಲ.

ಕೆಲಸ ಮಾಡಿತಾ? ನೋಡೋಣ ಅಂತ ನಾನೇ ಪರೀಕ್ಷೆ ಮಾಡಿದೆ. ಗೆಳತಿಯೊಬ್ಬಳ ಮಗನಿಗೆ ಟೈಪ್ 1 ಶುಗರ್, ಅವರ ಮನೆಯಲ್ಲಿ ರಕ್ತದ ಕೀಟೋನ್ ನೋಡುವ ಮೀಟರ್ ಇದೆ. ಒಂದು ಭಾನುವಾರ ಅವರ ಮನೆಗೇ ಹೋಗಿ ಕೂತೆ. ಕುಡಿಯುವ ಮುಂಚೆ 0.1. ಕುಡಿದು ಒಂದು ಗಂಟೆಗೆ 0.6. ಮೂರು ಗಂಟೆಗೆ ಮತ್ತೆ 0.2. ಕೀಟೋಸಿಸ್, ಅಂದರೆ ರಕ್ತದಲ್ಲಿ ಕೀಟೋನ್ ಏರಿದ ಸ್ಥಿತಿ, 0.5ರಿಂದ ಶುರು. ಅಂದರೆ ಪುಡಿ ಕೀಟೋನ್ ಏರಿಸಿದ್ದು ನಿಜ, ನಾನು ಕೀಟೋಸಿಸ್‌ಗೆ ಹೋಗಿದ್ದೆ, ಒಂದೆರಡು ಗಂಟೆ. ಆದರೆ ತಿಂಗಳ ಕೊನೆಗೆ ತೂಕ 78.3.

ಯಾಕೆ ಹೀಗೆ ಅಂತ ಆಮೇಲೆ ಕೂತು ಓದಿದೆ. ಎಲ್ಲರಿಗೂ ಗೊತ್ತಾಗಬೇಕಾದ ಸಂಗತಿ ಇದೇ. ಊಟದಲ್ಲಿ ಅನ್ನ, ರೊಟ್ಟಿ, ಸಕ್ಕರೆ ತೀರಾ ಕಡಿಮೆಯಾದಾಗ, ಇಲ್ಲ ಉಪವಾಸ ಜಾಸ್ತಿ ಹೊತ್ತು ನಡೆದಾಗ, ಇನ್ಸುಲಿನ್ ಇಳಿಯುತ್ತದೆ. ಆಗ ಮೈಯಲ್ಲಿ ಕೂಡಿಟ್ಟ ಕೊಬ್ಬು ಬಿಡುಗಡೆಯಾಗಿ ಲಿವರ್‌ಗೆ ಬರುತ್ತದೆ, ಲಿವರ್ ಅದರಿಂದ ಕೀಟೋನ್ ತಯಾರಿಸುತ್ತದೆ, ಮಿದುಳು, ಹೃದಯ, ಸ್ನಾಯುಗಳು ಅದನ್ನು ಉರಿಸಿಕೊಳ್ಳುತ್ತವೆ. ಕೊಬ್ಬು ಕರಗಿದ್ದಕ್ಕೆ ಕೀಟೋನ್ ಬಂತು. ಕೀಟೋನ್ ಬಂದಿದ್ದಕ್ಕೆ ಕೊಬ್ಬು ಕರಗಲಿಲ್ಲ. ಡಬ್ಬಿಯಿಂದ ಕೀಟೋನ್ ಸುರಿದುಕೊಂಡರೆ ಮೀಟರ್ ಏರುತ್ತದೆ, ಹೊಟ್ಟೆಯ ಕೊಬ್ಬು ಇದ್ದಲ್ಲೇ ಇರುತ್ತದೆ. ಅಷ್ಟೇ ಅಲ್ಲ, ರಕ್ತದಲ್ಲಿ ಕೀಟೋನ್ ಏರಿದಾಗ ಕೊಬ್ಬಿನ ಕೋಶಗಳು ಕೊಬ್ಬು ಬಿಡುವುದನ್ನು ಕಡಿಮೆ ಮಾಡುತ್ತವೆ. ಮೈಗೆ ಉರುವಲು ಬಂತಲ್ಲ, ಇನ್ಯಾಕೆ ಬೇಕು? ಪುಡಿಗೂ ಕ್ಯಾಲೊರಿ ಇದೆ, ಕೀಟೋನಿನ ಒಂದು ಗ್ರಾಂಗೆ ನಾಲ್ಕಕ್ಕಿಂತ ಜಾಸ್ತಿ. ನಮ್ಮ ಅಜ್ಜಿಯ ಊರಲ್ಲಿ ಜೋಳ ಕೂಡಿಡುವ ನೆಲದಡಿಯ ಹಗೇವು ಇತ್ತು. ಹಗೇವಿನ ಜೋಳ ಖಾಲಿ ಮಾಡಬೇಕು ಅಂತ ಸಂತೆಯಿಂದ ಇನ್ನೊಂದು ಚೀಲ ಜೋಳ ತಂದರೆ ಹಗೇವು ಯಾವಾಗ ಖಾಲಿಯಾಗಬೇಕು?

"ರೊಟ್ಟಿ ಬಿಡೂದು ಬ್ಯಾಡ" ಅನ್ನೋ ಮಾತಿನಲ್ಲಿದ್ದ ತೊಡಕು ಇದು. ನಿಜವಾದ ಕೀಟೋ ಊಟದಲ್ಲಿ ದಿನಕ್ಕೆ ಕಾರ್ಬೋಹೈಡ್ರೇಟ್ 50 ಗ್ರಾಂ ಒಳಗಿರಬೇಕು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲೇ ಸುಮಾರು 35 ಗ್ರಾಂ ಹೋಗಿಬಿಡುತ್ತದೆ. ಎರಡನೇ ರೊಟ್ಟಿಗೆ ಲೆಕ್ಕ ಮುಗಿಯಿತು. ನಮ್ಮ ಕಡೆಯ ಊಟಕ್ಕೆ ಅದು ಒಗ್ಗುವ ಪದ್ಧತಿ ಅಲ್ಲವೇ ಅಲ್ಲ. ಅದಕ್ಕೇ ಜನ ಪುಡಿಯ ಹಿಂದೆ ಹೋಗುತ್ತಾರೆ, ನಾನೂ ಹೋದೆ.

ಆ ಅಂಗಡಿಯಲ್ಲಿ ಇನ್ನೊಂದು ಮಾತು ಕೇಳಿದೆ, ಫಿಟ್ಸ್ ಬರುವ ಮಕ್ಕಳಿಗೂ ಕೀಟೋ ಕೊಡುತ್ತಾರೆ, ಅಷ್ಟು ಒಳ್ಳೆಯದು ಅಂತ. ಕೊಡುವುದು ನಿಜ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸಲ್ ವೈಲ್ಡರ್ ಅನ್ನೋ ಡಾಕ್ಟರ್ ಮೂರ್ಛೆರೋಗಕ್ಕೆ ಈ ಊಟದ ಪದ್ಧತಿಯನ್ನು ಸೂಚಿಸಿದರು, ಗುಳಿಗೆಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಈಗಲೂ ಡಾಕ್ಟರ್ ನಿಗಾದಲ್ಲಿ ಕೊಡುತ್ತಾರೆ. ಅದು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವ ಊಟ. ಡಬ್ಬಿಯ ಪುಡಿಯಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಬಾರದು. ಅದೇ ಕಪಾಟಿನಲ್ಲಿ ರಾಸ್‌ಬೆರಿ ಕೀಟೋನ್ ಮಾತ್ರೆಯೂ ಇತ್ತು. ಅದು ಹಣ್ಣಿನ ವಾಸನೆ ಕೊಡುವ ಬೇರೆಯೇ ವಸ್ತು, ಲಿವರ್ ತಯಾರಿಸುವ ಕೀಟೋನಿಗೂ ಅದಕ್ಕೂ ಸಂಬಂಧವಿಲ್ಲ.

ಪೂರಾ ದಂಡವಾ ಅಂತ ಕೇಳಿದರೆ ಹಾಗೂ ಹೇಳಲಾರೆ. ಪುಡಿ ಕುಡಿದ ಮೇಲೆ ಹನ್ನೊಂದು ಗಂಟೆಗೆ ಬರುತ್ತಿದ್ದ ಹಸಿವು ಸ್ವಲ್ಪ ತಡವಾಗಿ ಬರುತ್ತಿತ್ತು. 2018ರಲ್ಲಿ 15 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲೂ ಕೀಟೋನ್ ಕುಡಿದವರಿಗೆ ಕೆಲವು ಗಂಟೆ ಹಸಿವು ತಗ್ಗಿತ್ತು. ಆದರೆ ಅವರು ಕುಡಿದದ್ದು ಎಸ್ಟರ್ ಅನ್ನೋ ದ್ರವ. ಅದು ಲವಣದ ಪುಡಿಗಿಂತ ಬಲವಾದದ್ದು, ಒಂದು ಗಂಟೆಯೊಳಗೆ ಕೀಟೋನನ್ನು 3ರ ಹತ್ತಿರ ಒಯ್ಯುತ್ತದೆ, ಬೆಲೆ ಇನ್ನೂ ಜಾಸ್ತಿ. ಎಸ್ಟರ್ ಕುಡಿದರೆ ರಕ್ತದ ಸಕ್ಕರೆ ಸ್ವಲ್ಪ ಹೊತ್ತು ತುಸು ಇಳಿಯುವುದೂ ಕಂಡಿದೆ. ಆದರೆ ಇವೆಲ್ಲ ಕೆಲವೇ ಜನರ ಮೇಲೆ, ಕೆಲವೇ ಗಂಟೆ ಇಲ್ಲ ಕೆಲವೇ ವಾರ ನಡೆದ ಪರೀಕ್ಷೆಗಳು. ವರ್ಷಗಟ್ಟಲೆ ಕುಡಿದರೆ ಏನಾಗುತ್ತದೆ ಅನ್ನೋದಕ್ಕೆ ಆಧಾರವಿಲ್ಲ.

ಸೈಕಲ್ ಹೊಡೆಯುವವರಿಗೆ ಒಂದು ಮಾತು. ನಮ್ಮ ಆಫೀಸಿನ ಹುಡುಗನೊಬ್ಬ ಭಾನುವಾರ ಬೆಳಿಗ್ಗೆ ಧಾರವಾಡಕ್ಕೆ ಹೋಗಿ ಬರುತ್ತಾನೆ, ಅವನಿಗೂ ಇದೇ ಡಬ್ಬಿ ತೋರಿಸಿದ್ದಾರೆ. 2016ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಎಸ್ಟರನ್ನು ಕಾರ್ಬೋಹೈಡ್ರೇಟ್ ಜೊತೆ ಕುಡಿಸಿದಾಗ ಪಳಗಿದ ಸೈಕಲ್ ಸವಾರರು ಅರ್ಧ ಗಂಟೆಯಲ್ಲಿ 2 ಶೇಕಡಾ ಜಾಸ್ತಿ ದೂರ ಹೋದರು. ಮರುವರ್ಷ ಆಸ್ಟ್ರೇಲಿಯಾದಲ್ಲಿ ಬೇರೆ ಥರದ ಎಸ್ಟರ್ ಕೊಟ್ಟು ನೋಡಿದರೆ ವೃತ್ತಿಪರ ಸವಾರರೇ 2 ಶೇಕಡಾ ಹಿಂದೆ ಬಿದ್ದರು, ಹೊಟ್ಟೆಯೂ ಕೆಟ್ಟಿತು. ನನ್ನ ಸಲಹೆ ಕೇಳಿದ ಆ ಹುಡುಗನಿಗೆ ನಾಲ್ಕು ಬಾಳೆಹಣ್ಣು ತಗೋ ಅಂದೆ.

ಈಗ ಉಪ್ಪಿನ ಮಾತು. ನನ್ನ ಡಬ್ಬಿಯಲ್ಲಿ ಒಂದು ಚಮಚಕ್ಕೆ 650 ಮಿಲಿಗ್ರಾಂ ಸೋಡಿಯಂ. ಎರಡಕ್ಕೆ 1,300. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 2,000 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ, ಅಂದರೆ ಸುಮಾರು 5 ಗ್ರಾಂ ಉಪ್ಪು. ಅದರಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಪುಡಿಯಲ್ಲೇ ಬಂದುಬಿಟ್ಟರೆ, ನಮ್ಮ ತಾಟಿನಲ್ಲಿ ರಂಜಕ, ಉಪ್ಪಿನಕಾಯಿ, ಹಪ್ಪಳ ಬೇರೆ ಇರುತ್ತವಲ್ಲ. ಬಿಪಿ ಇದ್ದವರು, ಕಿಡ್ನಿ, ಹೃದಯದ ತೊಂದರೆ ಇದ್ದವರು ಇದನ್ನು ಮುಟ್ಟಲೇಬಾರದು ಅಂತ ನನಗೆ ಅನ್ನಿಸುತ್ತದೆ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಸರ್ಕಾರವೇ ಒಪ್ಪಿದೆ ಅಂತ ಧೈರ್ಯ ತಗೊಳ್ಳಬೇಡಿ. ಆ ನಂಬರ್ ತಯಾರಕರ ಆಹಾರ ಲೈಸೆನ್ಸಿನದು. ಪುಡಿ ಕುಡಿದರೆ ತೂಕ ಇಳಿಯುತ್ತದೆ ಅಂತ ಯಾರೂ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನೆ ಇದ್ದುಬಿಡುತ್ತಿದ್ದೆ. ಬರೆಯೋಕೆ ಕೂತಿದ್ದು ಅಣ್ಣನ ಫೋನಿನಿಂದ.

ಅಣ್ಣ ಗದಗದಲ್ಲಿದ್ದಾನೆ, 54 ವರ್ಷ, 12 ವರ್ಷದಿಂದ ಶುಗರ್. ನಾನು ಪುಡಿ ಕುಡಿಯುವುದು ಅವನ ಕಿವಿಗೆ ಬಿದ್ದಿದೆ. "ತಂಗೀ, ಬರೋವಾಗ ನನಗೂ ಒಂದ್ ಡಬ್ಬಿ ತಗೊಂಡ್ ಬಾ. ರಾತ್ರಿ ರೊಟ್ಟಿ ಬಿಟ್ಟು ಅದನ್ನ ಕುಡಿತೀನಿ" ಅಂದ. ನಾನು ಎರಡನೇ ಡಬ್ಬಿ ತಗೊಳ್ಳುವಾಗಲೇ ಅವನದ್ದೂ ಸೇರಿಸಿ ತಗೊಂಡಿದ್ದೆ. ಗದಗಕ್ಕೆ ಹೊರಡುವ ಮುಂಚಿನ ದಿನ ಧಾರವಾಡದಲ್ಲಿ ನಮ್ಮ ಡಾಕ್ಟರ್ ಹತ್ತಿರ ಅತ್ತೆಯವರ ಬಿಪಿ ತೋರಿಸಲು ಹೋದಾಗ ಮಾತಿಗೆ ಮಾತು ಬಂದು ಇದನ್ನು ಹೇಳಿದೆ. "ನಿಮ್ಮ ಅಣ್ಣ ಯಾವ ಗುಳಿಗೆ ತಗೋತಾರ್ರೀ?" ಅಂತ ಕೇಳಿದರು. ಅಲ್ಲಿಂದಲೇ ಫೋನ್ ಮಾಡಿ ಚೀಟಿ ಓದಿಸಿದೆ. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್. ಡಾಕ್ಟರ್ ಪೆನ್ನು ಕೆಳಗಿಟ್ಟು "ಆ ಡಬ್ಬಿ ಅವರಿಗೆ ಕೊಡಬ್ಯಾಡ್ರಿ. ಊಟಾನೂ ಹಂಗ ಬಿಡಬಾರದು ಅಂತ ಇವತ್ತ ಹೇಳ್ರಿ" ಅಂದರು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಗುಳಿಗೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಒಳ್ಳೆಯ ಗುಳಿಗೆಗಳೇ, ಹೃದಯಕ್ಕೆ, ಕಿಡ್ನಿಗೆ ಉಪಕಾರ ಮಾಡುತ್ತವೆ, ಹೆದರಿ ಯಾರೂ ಬಿಡಬೇಡಿ. ಆದರೆ ಇವನ್ನು ತಗೊಳ್ಳುವವರ ಮೈಯಲ್ಲಿ ಲಿವರ್ ಮೊದಲೇ ಸ್ವಲ್ಪ ಜಾಸ್ತಿ ಕೀಟೋನ್ ತಯಾರಿಸುತ್ತಿರುತ್ತದೆ. ಅದರ ಮೇಲೆ ಊಟ ಬಿಟ್ಟರೆ, ಅನ್ನ ರೊಟ್ಟಿ ತೀರಾ ಕಡಿಮೆ ಮಾಡಿದರೆ, ಜ್ವರ ವಾಂತಿ ಬಂದು ಮೈ ಒಣಗಿದರೆ, ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಕೀಟೋಆಸಿಡೋಸಿಸ್ ಅನ್ನುತ್ತಾರೆ. ಜೀವಕ್ಕೇ ಅಪಾಯ. ಮಾಮೂಲಿಯಾಗಿ ಇದು ಶುಗರ್ ವಿಪರೀತ ಏರಿದಾಗ ಬರುವ ತೊಂದರೆ, ಆದರೆ ಈ ಗುಳಿಗೆ ತಗೊಳ್ಳುವವರಲ್ಲಿ ಶುಗರ್ ಅಷ್ಟೇನೂ ಏರದೇ ಬರಬಹುದು, ಮನೆಯ ಮೀಟರ್ ನೋಡಿ "ಶುಗರ್ ಸರಿ ಇದೆಯಲ್ಲ" ಅಂತ ಜನ ಸುಮ್ಮನಾಗಿಬಿಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಮ್ಮ ದೇಶದಲ್ಲಿ 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ಬಹಳ ಕಂಪನಿಗಳು ಅದನ್ನು ಮಾಡತೊಡಗಿದವು, ಬೆಲೆ ಇಳಿಯಿತು, ಈಗ ಎಷ್ಟೋ ಮನೆಗಳ ಗುಳಿಗೆ ಡಬ್ಬಿಯಲ್ಲಿ ಅದು ಇದೆ. ನಿಮ್ಮ ಮನೆಯಲ್ಲೂ ಇರಬಹುದು. ಚೀಟಿ ತೆಗೆದು ನೋಡಿ.

ಇನ್ನೂ ಒಂದು ಅಪಾಯ ಡಾಕ್ಟರ್ ಹೇಳಿದ ಮೇಲೆ ಹೊಳೆಯಿತು. ಇಂಥವರಿಗೆ ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಏದುಸಿರು ಶುರುವಾದರೆ ಕೀಟೋನ್ ನೋಡಬೇಕು. ಪುಡಿ ಕುಡಿದವರಲ್ಲಿ ಏರಿದ ಅಂಕಿ ಪುಡಿಯದ್ದಾ, ಕಾಯಿಲೆಯದ್ದಾ ಅಂತ ಹೇಗೆ ಹೇಳುವುದು? ಮತ್ತೆ ಪುಡಿ ಕುಡಿದಾಗಲೂ ಹೊಟ್ಟೆ ಕೆಡುತ್ತದಲ್ಲ, ಅಣ್ಣ ವಾಂತಿ ಮಾಡಿಕೊಂಡಿದ್ದರೆ "ಮೊದಲ ವಾರ ಹಂಗೇ ಆಗತೈತಿ, ನನಗೂ ಆಗಿತ್ತು" ಅಂತ ನಾನೇ ಸಮಾಧಾನ ಹೇಳುತ್ತಿದ್ದೆ. ಅದನ್ನು ನೆನೆದು ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಣ್ಣನ ಡಬ್ಬಿ ಸೀಲ್ ಒಡೆದಿರಲಿಲ್ಲ, ಅಂಗಡಿಗೆ ವಾಪಸ್ ಒಯ್ದೆ. ತಗೊಳ್ಳಲಿಲ್ಲ, ಬದಲಿಗೆ ಬೇರೆ ಏನಾದರೂ ತಗೊಳ್ಳಿ ಅಂದರು. ನಾನು ಆ ಹುಡುಗನಿಗೆ ಗುಳಿಗೆಯ ಹೆಸರು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, "ಶುಗರ್ ಇದ್ದವರು ಬಂದರೆ ಇದನ್ನು ತಗೊಳ್ತೀರಾ ಅಂತ ಕೇಳಪ್ಪಾ, ಡಾಕ್ಟರನ್ನು ಕೇಳಿ ಬನ್ನಿ ಅಂತ ಕಳಿಸು" ಅಂದೆ. ಅವನು ಅದನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟುಕೊಂಡ. ಐದಕ್ಕೆ ಎಷ್ಟು ಕೊಡ್ತೀರಿ ಅಂದರೆ, ಪುಡಿಗೆ ಒಂದು. ಆ ಚೀಟಿ ಇನ್ನೂ ಅಲ್ಲೇ ಇದ್ದರೆ ಅಂಗಡಿಗೆ ಮೂರು.

ನಾನು ಈಗ ಸಂಜೆ ಕೆಲಗೇರಿ ಕೆರೆಯ ದಂಡೆಯ ಮೇಲೆ ಮುಕ್ಕಾಲು ಗಂಟೆ ನಡೆಯುತ್ತೇನೆ, ರಾತ್ರಿ ಮೂರರ ಬದಲು ಒಂದೂವರೆ ರೊಟ್ಟಿ, ಪಲ್ಯ ಜಾಸ್ತಿ. ಎರಡು ತಿಂಗಳಿಗೆ 75.8. ಅಣ್ಣ ರಾತ್ರಿ ರೊಟ್ಟಿ ಬಿಟ್ಟಿಲ್ಲ. ಶಿವರಾತ್ರಿ ಉಪವಾಸ ಮಾಡಬಹುದಾ ಅಂತ ಈ ಸಲ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದಾನೆ.